ಮಸ್ಕಿಯ ಬಂಡೆ, ಹಟ್ಟಿಯ ಚಿನ್ನ ಮತ್ತು ಕೊಸಂಬಿಯವರ ವಿಚಾರ

೧೯೧೫ರ ಜನವರಿ ತಿಂಗಳಲ್ಲಿ ಬೀಡನ್ ಎಂಬ ಇಂಜಿನಿಯರೊಬ್ಬರು ಚಿನ್ನದ ಅದಿರನ್ನು ಹುಡುಕುತ್ತ ಮಸ್ಕಿಯ ಗುಡ್ಡಕ್ಕೆ ಬಂದರು. ಅಂದು ಅವರ ಕಣ್ಣಿಗೆ ಬಿದ್ದದ್ದು ಚಿನ್ನವಲ್ಲ, ಬಂಡೆಯ ಮೇಲಣ ಅಕ್ಷರಗಳು. ಹೆಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಆ ಶಾಸನವನ್ನು ಓದಿ ಪ್ರಕಟಿಸಿದರು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲೆಲ್ಲ ರಾಜನಿಗೆ ‘ದೇವಾನಾಂಪ್ರಿಯ’ ಎಂದೋ ‘ಪ್ರಿಯದರ್ಶಿ’ ಎಂದೋ ಬಿರುದು ಮಾತ್ರ ಇತ್ತು. ಈ ಬಿರುದಿನ ದೊರೆ ಅಶೋಕನೇ ಎಂದು ಸಿಂಹಳದ ಗ್ರಂಥಗಳ ಬಲದಿಂದ ವಿದ್ವಾಂಸರು ಊಹಿಸಿದ್ದರು. ಮಸ್ಕಿಯ ಬಂಡೆಯಲ್ಲಿ ಅಶೋಕನೆಂಬ ಹೆಸರೇ ಸ್ಪಷ್ಟವಾಗಿ ಕಾಣಿಸಿತು. ಆ ಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೊಳಗಳಲ್ಲಿಯೂ ಆ ಹೆಸರು ಸಿಕ್ಕಿತು. ಆದರೂ ಮೊದಲ ಸಾಕ್ಷಿಯ ಮಾನ ಮಸ್ಕಿಯದೇ.

ಇದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಹೆಸರಿನ ಸಂಭ್ರಮದಲ್ಲಿ ನಾವು ಮರೆಯುವುದು ಶಾಸನದ ಒಳಗಿನ ಮಾತನ್ನು. ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಶ್ರೇಯಸ್ಸನ್ನು ಪಡೆಯಬಲ್ಲನು, ಅದು ದೊಡ್ಡವರ ಪಾಲಿಗೆ ಮಾತ್ರ ಮೀಸಲೆಂದು ಯಾರೂ ಎಣಿಸಬಾರದು, ಸಣ್ಣವರಿಗೂ ದೊಡ್ಡವರಿಗೂ ಈ ಮಾತನ್ನು ತಿಳಿಸಬೇಕು ಎಂಬುದು ಅದರ ತಾತ್ಪರ್ಯ. ಹಾಗಾದರೆ ಈ ಗುಡ್ಡದ ಕೆಳಗೆ ನಿಂತು ಅದನ್ನು ಕೇಳಿದ ಸಣ್ಣವರು ಯಾರು? ಅವರ ನುಡಿ ಯಾವುದು, ಕಸುಬು ಯಾವುದು? ‘ಅವರು ಯಾವ ಜನಾಂಗ?’ ಎಂದು ಕೇಳುವುದು ನೂರೈವತ್ತು ವರ್ಷಗಳಿಂದ ನಮ್ಮಲ್ಲಿ ನಡೆದು ಬಂದ ರೂಢಿ. ಆ ಪ್ರಶ್ನೆಯೇ ಸರಿಯಿಲ್ಲ, ಮೊದಲು ಕೇಳಬೇಕಾದದ್ದು ಬೇರೆ ಎಂದು ವಾದಿಸಿದ ಒಬ್ಬ ಮಾರ್ಕ್ಸ್‌ವಾದಿ ವಿದ್ವಾಂಸರ ವಿಚಾರವನ್ನು ಇಂದು ತಮ್ಮ ಮುಂದೆ ಇಡುತ್ತೇನೆ. ಅವರು ದಾಮೋದರ ಧರ್ಮಾನಂದ ಕೊಸಂಬಿ. ಮಸ್ಕಿಯ ಮೇಲೆ ಅವರು ಗ್ರಂಥ ಬರೆದವರಲ್ಲ. ಆದರೆ ಮಸ್ಕಿ, ಲಿಂಗಸುಗೂರು, ಸಿಂಧನೂರುಗಳ ನೆಲವನ್ನು ನೋಡಲು ಅವರು ಕೊಟ್ಟ ಕಣ್ಣಿನಷ್ಟು ಉಪಯುಕ್ತವಾದದ್ದು ಇನ್ನೊಂದನ್ನು ನಾನು ಕಾಣೆ.

ಕೊಸಂಬಿಯವರು ೧೯೦೭ರಲ್ಲಿ ಗೋವೆಯಲ್ಲಿ ಹುಟ್ಟಿದರು. ತಂದೆ ಧರ್ಮಾನಂದರು ಪಾಲಿ ಭಾಷೆಯಲ್ಲಿಯೂ ಬೌದ್ಧಶಾಸ್ತ್ರದಲ್ಲಿಯೂ ದೊಡ್ಡ ಪಂಡಿತರು, ಅಮೇರಿಕೆಯ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡಿದವರು. ಮಗನೂ ಅಲ್ಲಿಯೇ ಓದಿ ೧೯೨೯ರಲ್ಲಿ ಪದವಿ ಪಡೆದು ಹಿಂದಿರುಗಿದರು. ಕಾಶಿ, ಅಲೀಗಢ, ಪುಣೆಯ ಫರ್ಗ್ಯುಸನ್ ಕಾಲೇಜು ಇಲ್ಲೆಲ್ಲ ಗಣಿತವನ್ನು ಬೋಧಿಸಿ, ಮುಂದೆ ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯಲ್ಲಿ ೧೯೬೨ರವರೆಗೆ ಇದ್ದರು. ವೃತ್ತಿಯಿಂದ ಗಣಿತಜ್ಞರು, ಸಂಸ್ಕೃತದಲ್ಲಿ ಭರ್ತೃಹರಿಯ ಸುಭಾಷಿತಗಳನ್ನು ಹಸ್ತಪ್ರತಿಗಳಿಂದ ಪರಿಷ್ಕರಿಸಿದವರು, ವಿಶ್ವಶಾಂತಿ ಚಳವಳಿಯ ಮುಂದಾಳುಗಳಲ್ಲಿ ಒಬ್ಬರು, ಅಣುಶಕ್ತಿಯ ಬದಲು ಸೂರ್ಯಶಕ್ತಿಯನ್ನು ನೆಚ್ಚಬೇಕೆಂದು ವಾದಿಸಿ ಆ ಕಾಲದ ದೊಡ್ಡವರ ಅಸಮಾಧಾನಕ್ಕೆ ಗುರಿಯಾದವರು. ೧೯೫೬ರಲ್ಲಿ ಪ್ರಕಟವಾದ ಅವರ ಭಾರತೇತಿಹಾಸ ಪ್ರವೇಶಿಕೆ, ೧೯೬೨ರ ‘ಪುರಾಣ ಮತ್ತು ವಾಸ್ತವ’, ೧೯೬೫ರ ಪ್ರಾಚೀನ ಭಾರತದ ಸಂಸ್ಕೃತಿಯ ಗ್ರಂಥ, ಈ ಮೂರರಿಂದ ನಮ್ಮ ದೇಶದ ಇತಿಹಾಸಲೇಖನದ ದಾರಿಯೇ ತಿರುಗಿತು. ೧೯೬೬ರಲ್ಲಿ ತೀರಿಕೊಂಡರು. ಮಾರ್ಕ್ಸ್‌ನನ್ನು ಒಪ್ಪಿದವರಾದರೂ ಬಾಯಿಪಾಠದವರಲ್ಲ. ಡಾಂಗೆಯವರು ಪ್ರಾಚೀನ ಭಾರತದಲ್ಲಿ ಗುಲಾಮಗಿರಿಯ ಯುಗವಿತ್ತೆಂದು ೧೯೪೯ರಲ್ಲಿ ಪುಸ್ತಕ ಬರೆದಾಗ, ಅದನ್ನು ಅತ್ಯಂತ ಕಟುವಾಗಿ ಖಂಡಿಸಿದವರು ಇದೇ ಕೊಸಂಬಿ. ಯೂರೋಪಿನ ಅಳತೆಗೆ ಹೊಲಿದ ಅಂಗಿಯನ್ನು ಭಾರತದ ಮೈಗೆ ಎಳೆದು ತೊಡಿಸಬಾರದೆಂಬುದು ಅವರ ನಿಲುವು.

ಈಗ ಜನಾಂಗದ ಮಾತಿಗೆ ಬರೋಣ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನ ಹೆಸರನ್ನು ನಮ್ಮ ಸೀಮೆಯವರು ಬಲ್ಲರು. ಕೃಷ್ಣೆಯ ಆಚೆಗೆ ಜೇವರ್ಗಿ, ರಾಜನಕೊಳೂರುಗಳ ಸುತ್ತ ಇರುವ ಕಲ್ಲುಗೋರಿಗಳನ್ನು ಅವನು ಹತ್ತೊಂಬತ್ತನೆಯ ಶತಮಾನದ ನಡುವೆಯೇ ಅಗೆಸಿ ನೋಡಿದನು. ಅಗೆದ ಕ್ರಮ ಅಚ್ಚುಕಟ್ಟಾದದ್ದು, ನಕ್ಷೆಗಳೂ ಒಳ್ಳೆಯವು. ಆದರೆ ಕಟ್ಟಿದವರು ಯಾರೆಂಬಲ್ಲಿ ಅವನ ಮನಸ್ಸು ಸಮುದ್ರ ದಾಟಿಬಿಟ್ಟಿತು. ತನ್ನ ನಾಡಿನ ಕೆಲ್ಟ್ ಜನರ ಸ್ಮಾರಕಗಳಂತೆ ಇವೂ ಕಂಡದ್ದರಿಂದ ಇವು ಕೆಲ್ಟ್ ಅಥವಾ ಸಿಥಿಯನ್ ಜನಾಂಗದ ಕುರುಹುಗಳೆಂದು ಬರೆದನು. ೧೯೧೫ರಲ್ಲಿ, ಮಸ್ಕಿಯ ಶಾಸನ ಸಿಕ್ಕಿದ ವರ್ಷವೇ, ಇಂಗ್ಲೆಂಡಿನ ಪೆರಿ ಎಂಬ ಪಂಡಿತನು ಇನ್ನೂ ದೂರ ಹೋದನು. ಲೋಕದಲ್ಲಿ ಎಲ್ಲೆಲ್ಲಿ ಹಳೆಯ ಗಣಿಗಳಿವೆಯೋ ಅಲ್ಲಲ್ಲೇ ಕಲ್ಲುಗೋರಿಗಳಿವೆ. ಆದುದರಿಂದ ಚಿನ್ನವನ್ನು ಅರಸಿಕೊಂಡು ಹೊರಟ, ಈಜಿಪ್ಟಿನ ನಾಗರಿಕತೆಯನ್ನು ಹೊತ್ತ ಜನರೇ ಇವನ್ನೆಲ್ಲ ಕಟ್ಟಿರಬೇಕು ಎಂಬುದು ಅವನ ವಾದ. ಒಂದು ಕಡೆ ಹಟ್ಟಿಯ ಹಳೆಯ ಗಣಿ, ಇನ್ನೊಂದು ಕಡೆ ಮಸ್ಕಿಯ ಗೋರಿಗಳು. ಇವೆರಡರ ನಡುವೆ ನಿಂತವನಿಗೆ ಈ ಮಾತು ಒಂದು ಗಳಿಗೆ ನಿಜವೆಂದೇ ತೋರೀತು.

ಬಿಳಿಯರನ್ನು ಮಾತ್ರ ಏಕೆ ದೂರಬೇಕು? ಗಂಗಾವತಿಯ ಕಡೆ ಹಿರೇಬೆಣಕಲ್ಲಿನ ಕಲ್ಲುಮನೆಗಳನ್ನು ನಮ್ಮ ಜನ ‘ಮೋರೇರ ಮನೆ’ ಎನ್ನುತ್ತಾರೆ. ಮೋರೇರೆಂದರೆ ಮೊಣಕಾಲುದ್ದದ ಕುಳ್ಳರು, ಬಹಳ ಬಲಶಾಲಿಗಳು ಎಂಬ ಕತೆಯನ್ನೂ ಸೇರಿಸುತ್ತಾರೆ. ತಿಳಿಯದ ಕೆಲಸವನ್ನು ಕಂಡಾಗ ಅದನ್ನು ಮಾಡಿದವನು ನಮ್ಮಂಥ ಮನುಷ್ಯನಲ್ಲ ಎಂದುಕೊಳ್ಳುವುದು ಎಲ್ಲ ಕಡೆಯ ಸ್ವಭಾವ.

ಕೊಸಂಬಿಯವರು ಈ ಜಾಡನ್ನೇ ಬಿಟ್ಟರು. ಒಂದು ಜನಸಮೂಹವನ್ನು ಅರಿಯಬೇಕಾದರೆ ಅದರ ತಲೆಬುರುಡೆಯನ್ನು ಅಳೆಯಬೇಡಿ. ಅದು ಅನ್ನವನ್ನು ಹೇಗೆ ಸಂಪಾದಿಸಿತು, ಯಾವ ಸಲಕರಣೆ ಹಿಡಿಯಿತು, ಉಳಿದ ಧಾನ್ಯ ಯಾರ ಕಣಜಕ್ಕೆ ಹೋಯಿತು ಎಂದು ಕೇಳಿ, ಎಂಬುದು ಅವರ ಮತದ ಸಾರ. ‘ಆರ್ಯ’ ಎಂಬ ಮಾತು ಅವರ ದೃಷ್ಟಿಯಲ್ಲಿ ಒಂದು ನುಡಿಗೆ, ಒಂದು ಬಗೆಯ ಬಾಳಿಗೆ ಸೇರಿದ್ದು, ರಕ್ತಕ್ಕೆ ಸೇರಿದ್ದಲ್ಲ. ಹೊರಗಿನಿಂದ ಜನ ಬಂದರೆಂಬುದನ್ನು ಅವರು ಅಲ್ಲಗಳೆಯಲಿಲ್ಲ. ಬಂದವರು ಶುದ್ಧವಾಗಿ ಉಳಿದರೆಂಬುದನ್ನು ಒಪ್ಪಲಿಲ್ಲ. ಬ್ರಾಹ್ಮಣರ ಗೋತ್ರಗಳನ್ನು ಕುರಿತು ಅವರು ಬರೆದ ದೀರ್ಘ ಲೇಖನದಲ್ಲಿ, ಆರ್ಯರಿಗೆ ಹಿಂದಿನ ಪುರೋಹಿತ ಕುಲಗಳೇ ಎಷ್ಟೋ ವೈದಿಕರೊಳಗೆ ಸೇರಿಹೋದುವೆಂದು ತೋರಿಸಲು ಹೊರಟರು. ಪರಿಶುದ್ಧತೆಯ ಹೆಮ್ಮೆ ಎಲ್ಲಿ ಅತಿ ಹೆಚ್ಚೋ ಅಲ್ಲಿಯೇ ಬೆರಕೆಯ ಗುರುತನ್ನು ಹುಡುಕಿದ ಧೈರ್ಯ ಇದು.

ನಮ್ಮ ಶಾಸನಗಳೇ ಇದಕ್ಕೆ ಸಾಕ್ಷಿ ಹೇಳುತ್ತವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನ ಸುವರ್ಣಗಿರಿಯಿಂದ ‘ಆರ್ಯಪುತ್ರ’ನು ಕಳಿಸಿದ ಆಜ್ಞೆ. ಆ ಸುವರ್ಣಗಿರಿ ಮಸ್ಕಿಯೇ, ಕನಕಗಿರಿಯೇ, ಆಂಧ್ರದ ಜೊನ್ನಗಿರಿಯ ಬಳಿಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅಲ್ಲಿಯ ‘ಆರ್ಯಪುತ್ರ’ ಎಂದರೆ ರಾಜಕುಮಾರ, ಅಷ್ಟೆ, ಗೌರವದ ಮಾತು. ನಾವು ದಿನವೂ ಮನೆಯಲ್ಲಿ ಕೂಗುವ ‘ಅಜ್ಜ’ ಎಂಬ ಮಾತೂ ‘ಆರ್ಯ’ದ ತದ್ಭವವೆಂದು ಪಂಡಿತರು ಹೇಳುತ್ತಾರೆ. ಜರ್ಮನಿಯಲ್ಲಿ ಲಕ್ಷಾಂತರ ಜನರ ಕೊಲೆಗೆ ನೆಪವಾದ ಶಬ್ದ, ಸಿಂಧನೂರಿನ ಜಗಲಿಯ ಮೇಲೆ ಮೊಮ್ಮಗನನ್ನು ಕೂಡಿಸಿಕೊಂಡ ಮುದುಕನ ಹೆಸರಾಗಿ ಕುಳಿತಿದೆ! ಬ್ರಹ್ಮಗಿರಿಯ ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರ ಕೊನೆಯ ಒಂದು ಪದವನ್ನು ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಗಾಂಧಾರದ ಕಡೆಯ ಬರವಣಿಗೆ, ಮಗಧದ ರಾಜ, ಪ್ರಾಕೃತ ಭಾಷೆ, ಕೇಳುವವರು ಇಲ್ಲಿನ ದನಗಾಹಿಗಳು, ರೈತರು.

ದನಗಾಹಿಗಳೆಂದೆನಲ್ಲ, ಆ ವಿಷಯದಲ್ಲಿ ಕೊಸಂಬಿಯವರ ಕೆಲಸದ ರೀತಿ ನೋಡತಕ್ಕದ್ದು. ಅವರು ಪುಣೆಯ ಸುತ್ತಣ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ಅಲೆದರು. ಕುರಿಗಾಹಿ ಧನಗರರು ಋತುವಿಗೆ ತಕ್ಕಂತೆ ನಡೆಯುವ ದಾರಿಗಳ ಪಕ್ಕದಲ್ಲೇ ಶಿಲಾಯುಗದ ಚಿಕ್ಕ ಕಲ್ಲುಚೂರುಗಳು ಬಿದ್ದಿರುವುದನ್ನೂ, ಅದೇ ದಾರಿಯಲ್ಲಿ ಗ್ರಾಮದೇವತೆಗಳ ನೆಲೆಗಳಿರುವುದನ್ನೂ ಗುರುತಿಸಿದರು. ಮ್ಹಸೋಬನೆಂಬ ಕೋಣದೈವವನ್ನು ಒಂದೂರಿನಲ್ಲಿ ದೇವಿ ಕೊಲ್ಲುತ್ತಾಳೆ. ಇನ್ನೊಂದೂರಿನಲ್ಲಿ ಅಂಥದೇ ದೈವಕ್ಕೆ ದೇವಿಯನ್ನು ಮದುವೆ ಮಾಡಿಕೊಟ್ಟಿರುತ್ತಾರೆ. ಇದೇಕೆ? ದೇವಿ ಹಿಂದೆ ಗೆಡ್ಡೆಗೆಣಸು ಕೂಡಿಸುತ್ತಿದ್ದವರ ದೈವ, ಗಂಡುದೈವ ದನಕುರಿ ಕಾಯುವವರದು. ಇಬ್ಬರಿಗೂ ಜಗಳವಾದಲ್ಲಿ ವಧೆ, ಕೂಡಿ ಬಾಳಿದಲ್ಲಿ ಮದುವೆ ಎಂದು ಅವರ ವಿವರಣೆ. ಎಲ್ಲವನ್ನೂ ಹೀಗೆ ಬಿಡಿಸಬಹುದೆಂದು ನಾನು ನಂಬುವುದಿಲ್ಲ. ಭಕ್ತಿಗೆ ತನ್ನದೇ ಆದ ಒಂದು ಜೀವವಿದೆ. ಆದರೆ ನಮ್ಮ ಊರಮ್ಮಂದಿರ ಜಾತ್ರೆಗಳನ್ನು ನೋಡಿದವರು ಈ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ.

ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳವನ್ನು ಆಲ್ಚಿನ್ ಎಂಬ ವಿದ್ವಾಂಸರು ೧೯೫೦ರ ದಶಕದ ಆರಂಭದಲ್ಲಿ ಅಗೆದು ೧೯೬೦ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿಯ ಬಂಡೆಗಳ ಮೇಲೆ ಉದ್ದ ಕೊಂಬಿನ ಗೂಳಿಗಳನ್ನು ಕುಟ್ಟಿ ಮೂಡಿಸಿದ್ದಾರೆ. ರಾಯಚೂರು, ಬಳ್ಳಾರಿಗಳ ಬೂದಿದಿಬ್ಬಗಳು ಯಾವ ರಾಕ್ಷಸನ ಚಿತೆಯೂ ಅಲ್ಲ, ನವಶಿಲಾಯುಗದವರ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿ ಸುಟ್ಟು ಆದ ಬೂದಿ ಎಂದು ಈಗ ಖಚಿತವಾಗಿದೆ. ೧೯೫೪ರಲ್ಲಿ ಥಾಪರ್ ಅವರು ಮಸ್ಕಿಯನ್ನು ಅಗೆದಾಗ ಕಲ್ಲುಕೊಡಲಿಯ ಜನ, ಕಬ್ಬಿಣ ಬಳಸಿ ಗೋರಿ ಕಟ್ಟಿದ ಜನ, ಆಮೇಲೆ ಶಾತವಾಹನರ ಕಾಲದವರು, ಹೀಗೆ ಒಂದರ ಮೇಲೊಂದು ಪದರಗಳು ಕಂಡುವು. ಈಜಿಪ್ಟಿನವರನ್ನು ಕರೆಸುವ ಅಗತ್ಯ ಎಲ್ಲಿಯೂ ಬೀಳಲಿಲ್ಲ. ಹಟ್ಟಿಯಲ್ಲಿ ಹಳಬರು ಆರುನೂರು ಅಡಿಗೂ ಮಿಕ್ಕು ಆಳಕ್ಕೆ ಇಳಿದಿದ್ದರು; ಬೆಂಕಿ ಹಾಕಿ ಬಂಡೆಯನ್ನು ಕಾಯಿಸಿ ಬಿರುಕು ಬಿಡಿಸುತ್ತಿದ್ದರು. ಆ ಹೊಗೆಯಲ್ಲಿ ಉಸಿರಾಡಿದವನು ಯಾವ ಜನಾಂಗದವನು ಎಂಬುದಕ್ಕಿಂತ, ತಾನು ತೆಗೆದ ಚಿನ್ನದಲ್ಲಿ ಅವನಿಗೆ ಎಷ್ಟು ಸಿಕ್ಕಿತು ಎಂಬುದು ದೊಡ್ಡ ಪ್ರಶ್ನೆ. ಬೀಡನ್ನರ ಕಾಲದಲ್ಲಿ ಕೂಡ ಆ ಪ್ರಶ್ನೆ ಹಳೆಯದಾಗಿರಲಿಲ್ಲ.

ಇಲ್ಲಿಂದ ಜಾತಿಯ ವಿಚಾರ. ಜನಾಂಗದ ಸಿದ್ಧಾಂತವನ್ನು ಕೈಬಿಟ್ಟರೆ ಜಾತಿಗೆ ಕಾರಣ ಯಾವುದು? ಉತ್ಪಾದನೆಯ ಸಾಧನಗಳು ಹಿಂದುಳಿದಿರುವ ಕಾಲದಲ್ಲಿ ವರ್ಗವೇ ಜಾತಿಯ ರೂಪ ತಾಳುತ್ತದೆ. ದುಡಿಯುವವನ ಕೈಯಿಂದ ಹೆಚ್ಚಿನ ಬೆಳೆಯನ್ನು ದೊಣ್ಣೆಯ ಬಲವಿಲ್ಲದೆ, ಧರ್ಮದ ಹೆಸರಿನಿಂದಲೇ ಬಿಡಿಸಿಕೊಳ್ಳುವ ಉಪಾಯ ಅದು ಎಂದು ಕೊಸಂಬಿಯವರ ಉತ್ತರ. ಕಾಡಿನ ಒಂದು ಬುಡಕಟ್ಟು ನೇಗಿಲು ಹಿಡಿದು ಊರಿನೊಳಗೆ ಬಂದಾಗ ಅದು ಕರಗಿಹೋಗುವುದಿಲ್ಲ. ತನ್ನ ದೇವರು, ತನ್ನ ಮದುವೆಯ ಕಟ್ಟಳೆಗಳೊಡನೆ ಒಂದು ಜಾತಿಯಾಗಿ, ಏಣಿಯ ಒಂದು ಮೆಟ್ಟಿಲಾಗಿ ನಿಲ್ಲುತ್ತದೆ. ಅಶೋಕನ ಧರ್ಮವನ್ನೂ ಅವರು ಇದೇ ಬೆಳಕಿನಲ್ಲಿ ನೋಡಿದರು. ಬಗೆಬಗೆಯ ಜನರನ್ನು, ಒಬ್ಬರಿಗೊಬ್ಬರು ಎದುರಾದ ಹಿತಗಳನ್ನು ಬರೀ ಸೈನ್ಯದಿಂದ ಹಿಡಿದಿಡಲಾಗದೆ, ರಾಜ್ಯವು ಪ್ರಜೆಗಳೊಡನೆ ಒಂದು ಒಪ್ಪಂದಕ್ಕೆ ಬರಲು ಹುಡುಕಿದ ನೆಲೆ ಅದು. ಅಧಿಕಾರಕ್ಕೆ ತಾನೇ ಒಂದು ಅಂಕೆಯನ್ನು ಹಾಕಿಕೊಂಡ ದೊರೆಯೆಂದು ಅಶೋಕನನ್ನು ಕುರಿತು ಅವರಿಗೆ ಗೌರವವಿತ್ತು.

ಅವರ ಮಾತೆಲ್ಲ ಇಂದಿಗೂ ನಿಲ್ಲುವುದಿಲ್ಲ. ದಕ್ಷಿಣಕ್ಕೆ ನೇಗಿಲ ಬೇಸಾಯವೂ ಕಬ್ಬಿಣದ ಹೆಚ್ಚಿನ ಬಳಕೆಯೂ ಬಹುಮಟ್ಟಿಗೆ ಉತ್ತರದ ವರ್ತಕರಿಂದ, ಭಿಕ್ಷುಗಳಿಂದ, ಮೌರ್ಯರಿಂದ ಬಂದುವೆಂಬ ಒಲವು ಅವರಲ್ಲಿತ್ತು. ಹಾವೇರಿ ಜಿಲ್ಲೆಯ ಹಳ್ಳೂರನ್ನು ೧೯೬೫ರಲ್ಲಿ ಅಗೆದಾಗ ಸಿಕ್ಕಿದ ಕಬ್ಬಿಣದ ಪದರ ಕ್ರಿಸ್ತಪೂರ್ವ ಸಾವಿರದ ಸುಮಾರಿನದೆಂದು ಇಂಗಾಲದ ಪರೀಕ್ಷೆಯಿಂದ ತಿಳಿಯಿತು. ಎಂದರೆ ಅಶೋಕನಿಗಿಂತ ಏಳು ಶತಮಾನ ಹಿಂದೆ. ಆ ಪರೀಕ್ಷೆ ನಡೆದದ್ದು ಕೊಸಂಬಿಯವರು ಕೆಲಸ ಮಾಡಿದ್ದ ಟಾಟಾ ಸಂಸ್ಥೆಯಲ್ಲೇ, ಆದರೆ ಫಲಿತಾಂಶ ಅಚ್ಚಾಗುವ ಹೊತ್ತಿಗೆ ಅವರಿರಲಿಲ್ಲ. ಹುರುಳಿ, ಹೆಸರು, ಕೊರಲೆಗಳನ್ನು ನಮ್ಮ ಬಯಲುಸೀಮೆಯವರು ಅದಕ್ಕೂ ಬಹಳ ಹಿಂದೆಯೇ ತಾವಾಗಿ ಬೆಳೆಯಲು ಕಲಿತಿದ್ದರೆಂದು ಈಚಿನ ಸಂಶೋಧನೆ ಹೇಳುತ್ತದೆ. ಇನ್ನೊಂದು ಕೊರತೆ ನನಗೆ ಇದಕ್ಕಿಂತ ಹೆಚ್ಚಿನದು. ಜಾತಿ ದುಡಿಮೆಯನ್ನು ಹೇಗೆ ಕಸಿಯುತ್ತದೆಂದು ಅವರು ವಿವರಿಸಿದಷ್ಟು, ಅಸ್ಪೃಶ್ಯತೆ ಮನುಷ್ಯನ ಮಾನವನ್ನು ಹೇಗೆ ಕಸಿಯುತ್ತದೆಂಬುದನ್ನು ವಿವರಿಸಲಿಲ್ಲ. ಡಾಕ್ಟರ್ ಅಂಬೇಡ್ಕರರು ೧೯೩೬ರಲ್ಲಿಯೇ ಜಾತಿ ಜನಾಂಗದ ಗಡಿಯಲ್ಲವೆಂದು ಬರೆದವರು. ಆದರೆ ಕೆರೆಯ ನೀರನ್ನು ಮುಟ್ಟಗೊಡದವನೂ ಅನೇಕ ವೇಳೆ ಕೂಲಿಯವನೇ ಆಗಿರುತ್ತಾನೆ, ಕೂಲಿಕಾರರೊಳಗೇ ಜಾತಿ ಗೋಡೆ ಕಟ್ಟಿದೆ ಎಂದು ಸಮತಾವಾದಿಗಳನ್ನು ಅವರು ಕೇಳಿದ ಪ್ರಶ್ನೆಗೆ ಕೊಸಂಬಿಯವರ ಗ್ರಂಥಗಳಲ್ಲಿ ಪೂರ್ಣ ಉತ್ತರ ದೊರೆಯದು.

ಇದು ನಮ್ಮ ದೇಶದ ಮಾರ್ಕ್ಸ್‌ವಾದಿಗಳ ಪಾಡು ಮಾತ್ರವಲ್ಲ. ವೆಸ್ಟ್ ಇಂಡೀಸಿನ ಟ್ರಿನಿಡಾಡಿನಲ್ಲಿ ಹುಟ್ಟಿದ ಸಿ. ಎಲ್. ಆರ್. ಜೇಮ್ಸ್ ಎಂಬ ನೀಗ್ರೋ ವಿಚಾರವಂತರೂ ಇದೇ ಗಂಟನ್ನು ಬಿಡಿಸಲು ಹೆಣಗಿದವರು. ರೇಡಿಯೋದಲ್ಲಿ ಟೆಸ್ಟ್ ಪಂದ್ಯದ ವರದಿ ಕೇಳುವ ನಮ್ಮ ತರುಣರಿಗೆ ಅವರು ೧೯೬೩ರಲ್ಲಿ ಕ್ರಿಕೆಟ್ ಕುರಿತು ಬರೆದ ಪುಸ್ತಕ ಮೆಚ್ಚಿಕೆಯಾದೀತು. ಆಟದ ಮೈದಾನದಲ್ಲಿಯೇ ವರ್ಣದ ಏಣಿಯನ್ನು ಕಂಡವರು ಅವರು. ಹೈತಿಯ ಗುಲಾಮರು ೧೭೯೧ರಲ್ಲಿ ಬಂಡೆದ್ದು ೧೮೦೪ರಲ್ಲಿ ಸ್ವತಂತ್ರರಾದ ಕತೆಯನ್ನು ೧೯೩೮ರಲ್ಲಿ ಬರೆಯುತ್ತ, ರಾಜಕೀಯದಲ್ಲಿ ವರ್ಗದ ಪ್ರಶ್ನೆಯೇ ಮೊದಲನೆಯದಾದರೂ ವರ್ಣದ ಪ್ರಶ್ನೆಯನ್ನು ನಗಣ್ಯವೆಂದು ಬಿಡುವುದೂ ಸಣ್ಣ ತಪ್ಪಲ್ಲ ಎಂಬ ಅಭಿಪ್ರಾಯವನ್ನು ಅವರು ಹೇಳಿದ್ದಾರೆ. ವರ್ಣದ ಜಾಗದಲ್ಲಿ ಜಾತಿಯನ್ನಿಟ್ಟು ಓದಿದರೆ ಕೊಸಂಬಿಯವರಲ್ಲಿ ಬಿಟ್ಟುಹೋದದ್ದು ಇಲ್ಲಿ ಸಿಗುತ್ತದೆ.

ರಕ್ತದ ಮಾತಿಗೆ ಬಂದರೆ, ಈಗ ರಕ್ತವನ್ನೇ ಓದುವ ವಿದ್ಯೆ ಬಂದಿದೆ. ವಿಚಿತ್ರವೆಂದರೆ ಕೊಸಂಬಿಯವರಿಗೆ ಅದರಲ್ಲಿಯೂ ಒಂದು ಪಾಲಿದೆ. ವಂಶವಾಹಿಗಳ ನಡುವಣ ಅಂತರವನ್ನು ಎಣಿಸಲು ೧೯೪೪ರಲ್ಲಿ ಅವರು ಕೊಟ್ಟ ಗಣಿತಸೂತ್ರ ಇಂದಿಗೂ ಲೋಕದಲ್ಲೆಲ್ಲ ಅವರ ಹೆಸರಿನಿಂದ ಬಳಕೆಯಲ್ಲಿದೆ. ೨೦೧೩ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಸುಮಾರು ೪,೨೦೦ ವರ್ಷಗಳ ಹಿಂದಿನಿಂದ ೧,೯೦೦ ವರ್ಷಗಳ ಹಿಂದಿನವರೆಗೆ ಭಾರತದ ಜನವರ್ಗಗಳು ಒಂದರೊಳಗೊಂದು ಯಥೇಚ್ಛವಾಗಿ ಬೆರೆತುವು. ಆಮೇಲೆ ಒಳಮದುವೆಯ ಬೇಲಿ ಬಿಗಿಯಾಯಿತು. ಎಂದರೆ ಮಸ್ಕಿಯ ಬಂಡೆಯ ಮೇಲೆ ಅಕ್ಷರ ಕೆತ್ತಿದಾಗ ಬೆರಕೆ ಇನ್ನೂ ನಡೆದೇ ಇತ್ತು. ಇಂದು ಕುಲದ ಹೆಚ್ಚಳವನ್ನು ಹೇಳಿಕೊಳ್ಳುವ ಮನೆತನಗಳೆಲ್ಲ ಆ ಬೆರಕೆಯ ಮಕ್ಕಳೇ.

ಸಿಂಧನೂರಿನವರಿಗೆ ಬೆರಕೆಯನ್ನು ನೋಡಲು ಅಷ್ಟು ಹಿಂದೆ ಹೋಗಬೇಕಾಗಿಲ್ಲ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಹರಿದಾಗ, ಜೋಳ ಹತ್ತಿಗಳ ಎರೆಭೂಮಿ ಭತ್ತದ ಗದ್ದೆಯಾಯಿತು. ಕರಾವಳಿ ಆಂಧ್ರದ ರೈತರು ಬಂದು ಭೂಮಿ ಕೊಂಡು ‘ಕ್ಯಾಂಪು’ಗಳನ್ನು ಕಟ್ಟಿಕೊಂಡರು, ಇವತ್ತಿಗೂ ಊರುಗಳ ಹೆಸರಿನ ಕೊನೆಯಲ್ಲಿ ಆ ಮಾತು ಅಂಟಿಕೊಂಡಿದೆ. ಮುಂದೆ ಪೂರ್ವ ಪಾಕಿಸ್ತಾನವನ್ನು ಬಿಟ್ಟುಬಂದ ಬಂಗಾಳಿ ನಿರಾಶ್ರಿತರನ್ನು ಸರ್ಕಾರ ಇದೇ ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಗೊಳಿಸಿತು. ಅವರು ದುರ್ಗಾಪೂಜೆಯನ್ನು ತಂದರು, ಮೀನಿನ ಅಡಿಗೆಯನ್ನು ತಂದರು. ಮಕ್ಕಳು ಕನ್ನಡ ಕಲಿತರು. ನಾಟಿ ಮಾಡುವ ಕೈ ಯಾವ ಭಾಷೆಯದೆಂದು ಭತ್ತಕ್ಕೆ ಗೊತ್ತಾಗುವುದಿಲ್ಲ. ಆದರೆ ಗದ್ದೆ ಯಾರದು, ಗುತ್ತಿಗೆ ಎಷ್ಟು, ಕಾಲುವೆಯ ಮೇಲ್ಭಾಗದವನಿಗೆ ಬಂದ ನೀರು ಕೊನೆಯ ಭಾಗದವನಿಗೆ ಏಕೆ ಬರಲಿಲ್ಲ ಎಂಬ ವ್ಯಾಜ್ಯಗಳು ಎದ್ದಾಗ ಮಾತು ಬೇಗನೆ ‘ನಮ್ಮವರು’, ‘ಹೊರಗಿನವರು’ ಎಂಬಲ್ಲಿಗೆ ಹೊರಳುತ್ತದೆ. ಕೊಸಂಬಿಯವರ ಪುಸ್ತಕದ ಅಧ್ಯಾಯವೊಂದು ಗದ್ದೆಯ ಬದುವಿನ ಮೇಲೆ ನಡೆಯುತ್ತಿರುವ ಹಾಗೆ ಇದೆ.

ಈ ಬಂಗಾಳಿಗಳಲ್ಲಿ ಬಹುಮಂದಿ ನಾಮಶೂದ್ರರು. ಬಂಗಾಳದಲ್ಲಿ ಆ ಹೆಸರು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಸಂವಿಧಾನದ ೩೪೧ನೆಯ ವಿಧಿಯಂತೆ ಪಟ್ಟಿ ಒಂದೊಂದು ರಾಜ್ಯಕ್ಕೆ ಒಂದೊಂದು. ಹೀಗಾಗಿ ಅಲ್ಲಿ ಕೀಳೆಂದು ಹಿಂಸೆಪಟ್ಟ ಕುಟುಂಬವೇ ಇಲ್ಲಿಗೆ ಬಂದಾಗ, ಆ ಕೀಳುತನಕ್ಕೆ ಪರಿಹಾರವಾಗಿ ದೊರೆಯಬೇಕಾದ ಸೌಲಭ್ಯ ಜೊತೆಗೆ ಬರಲಿಲ್ಲ. ತಮ್ಮ ಹೆಸರನ್ನು ಕರ್ನಾಟಕದ ಪಟ್ಟಿಯಲ್ಲಿ ಸೇರಿಸಬೇಕೆಂದು ಅವರು ಕೇಳುತ್ತ ಬಂದಿದ್ದಾರೆ. ಸಿಂಧನೂರಿನ ಕಚೇರಿಯ ಮೆಟ್ಟಿಲಿನಿಂದ ಮಸ್ಕಿಯ ಗುಡ್ಡಕ್ಕೆ ಮೋಟಾರಿನಲ್ಲಿ ಬಹಳ ಹೊತ್ತಿನ ದಾರಿಯೇನಲ್ಲ.